ಪ್ರೊಸೆಸರ್ ಬದಲಿಸಬೇಕಾ? ಮೊದಲು ಯಾರು ಯಾರಿಗೆ ಕಾಯ್ತಿದ್ದಾರೆ ನೋಡಿ

ಈ ವಾರದ ವಿಷಯ ಆಟದ್ದೂ ಹೌದು, ದುಡ್ಡಿನದ್ದೂ ಹೌದು. ಗೇಮ್ ಆಡೋ ಕಂಪ್ಯೂಟರ್ ಮೊದಲಿನ ಹಾಗೆ ಓಡ್ತಿಲ್ಲ, ಮಧ್ಯೆ ಮಧ್ಯೆ ತಡವರಿಸುತ್ತೆ. ಆಗ ಎಲ್ಲರ ತಲೆಗೂ ಮೊದಲು ಬರೋದು ಒಂದೇ ಪ್ರಶ್ನೆ: ಪ್ರೊಸೆಸರ್ ಬದಲಿಸಬೇಕಾ?

ಈ ಪ್ರಶ್ನೆ ಈಗ ನನ್ನ ಮುಂದೆಯೂ ಇದೆ. ಕಲಬುರಗಿ ಕಡೆಯ ಒಬ್ಬ ಕೇಳುಗನ ಮುಂದೆಯೂ ಇದೆ. ಅವನು ಬಿ.ಕಾಂ ಎರಡನೇ ವರ್ಷದ ಹುಡುಗ. ಅವನ ಮೆಸೇಜ್ ಓದ್ತೀನಿ: "ಅಣ್ಣಾ, ಅಪ್ಪಾರು ತೊಗರಿ ಮಾರಿದ ರೊಕ್ಕದಾಗ 15 ಸಾವಿರ ಕೊಡ್ತೀನಿ ಅಂದಾರ. ಹಳೇ ಐ7 ಪ್ರೊಸೆಸರ್ ಒಬ್ಬರು 11 ಸಾವಿರಕ್ಕ ಕೊಡ್ತೀವಿ ಅಂತಾರ, ಬಿಲ್ ಇಲ್ಲ. ತಗೊಳ್ಲೇನು?" ಇದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ. ಒಂದು ಬೆಳೆಯ ದುಡ್ಡು ಅದು. ಅದಕ್ಕೇ ಈ ಸಂಚಿಕೆ.

ನಾನು ಎಂಜಿನಿಯರ್ ಅಲ್ಲ, ಕಾಮರ್ಸ್ ಓದಿದವನು. ಹಾಗಾಗಿ ನಾನು ಇದನ್ನ ನೋಡೋದು ಒಂದು ಖರ್ಚಿನ ನಿರ್ಧಾರದ ಥರ. ಖರ್ಚು ಮಾಡೋ ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಿರಬೇಕು. ಕಂಪ್ಯೂಟರ್ ವಿಷಯದಲ್ಲಿ ಒಳ್ಳೇದೇನಂದ್ರೆ, ಅದನ್ನ ಒಂದು ರೂಪಾಯಿ ಖರ್ಚಿಲ್ಲದೆ ಮನೆಯಲ್ಲೇ ಅಳೆಯಬಹುದು.

ಮೊದಲು ಒಳಗೆ ಏನಾಗುತ್ತೆ ಅಂತ ನೋಡೋಣ. ಒಂದು ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಕೌಂಟರ್‌ನಲ್ಲಿ ಟೋಕನ್ ಕೊಟ್ಟು, ಎಷ್ಟು ಮಸಾಲೆ, ಎಷ್ಟು ಸೆಟ್ ಅಂತ ಒಳಗೆ ಕೂಗಿ ಹೇಳೋನು ಪ್ರೊಸೆಸರ್. ಕಾವಲಿ ಮುಂದೆ ನಿಂತು ದೋಸೆ ಹುಯ್ಯೋ ಭಟ್ಟರು ಗ್ರಾಫಿಕ್ಸ್ ಕಾರ್ಡ್. ಆಟದಲ್ಲಿ ಎದುರಾಳಿ ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು, ಗೋಡೆ ಬಿತ್ತಾ ಇಲ್ವಾ, ಇದೆಲ್ಲ ಲೆಕ್ಕ ಹಾಕಿ "ಈ ಚಿತ್ರ ಬರಿ" ಅಂತ ಆರ್ಡರ್ ಕೊಡೋದು ಪ್ರೊಸೆಸರ್ ಕೆಲಸ. ಆ ಚಿತ್ರವನ್ನ ಬರೆಯೋದು ಕಾರ್ಡ್ ಕೆಲಸ.

ಈಗ ಹೋಟೆಲ್ ಮುಂದೆ ಕ್ಯೂ ನಿಂತಿದೆ ಅಂದ್ಕೊಳ್ಳಿ. ಭಟ್ಟರು ಬೆವರು ಒರೆಸಿಕೊಳ್ಳೋಕೂ ಪುರುಸೊತ್ತಿಲ್ಲದೆ ಹುಯ್ಯುತ್ತಿದ್ದರೆ ಟೋಕನ್ ಕೌಂಟರ್‌ಗೆ ಇನ್ನೊಬ್ಬನನ್ನ ಹಾಕಿ ಏನೂ ಪ್ರಯೋಜನ ಇಲ್ಲ. ಭಟ್ಟರು ಸೊಂಟದ ಮೇಲೆ ಕೈ ಇಟ್ಟುಕೊಂಡು ಆರ್ಡರ್‌ಗೆ ಕಾಯ್ತಿದ್ದರೆ, ಇನ್ನೊಂದು ಕಾವಲಿ ತಂದರೂ ದೋಸೆ ಬೇಗ ಬರಲ್ಲ. ಪ್ರೊಸೆಸರ್ ಬದಲಿಸಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಯಾರು ಯಾರಿಗೆ ಕಾಯ್ತಿದ್ದಾರೆ?

ಇದನ್ನ ನೋಡೋದು ಸುಲಭ. ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಎಷ್ಟು ಬಳಕೆಯಲ್ಲಿದೆ ಅಂತ ತೋರಿಸೋ ಉಚಿತ ಸಾಫ್ಟ್‌ವೇರ್ ಇವೆ. ಎಂಎಸ್‌ಐ ಆಫ್ಟರ್‌ಬರ್ನರ್ ಬಹಳ ಜನ ಬಳಸೋದು, ಕಾರ್ಡ್ ಯಾವ ಕಂಪನಿಯದ್ದಾದರೂ ನಡೆಯುತ್ತೆ. ಕಾರ್ಡ್ ಬಳಕೆ ಶೇ 95ಕ್ಕಿಂತ ಮೇಲೇ ನಿಂತಿದ್ದರೆ ಭಟ್ಟರು ಬಿಡುವಿಲ್ಲದೆ ದುಡೀತಿದ್ದಾರೆ, ಪ್ರೊಸೆಸರ್ ಮೇಲೆ ತಪ್ಪು ಹೊರಿಸಬೇಡಿ. ಅದು ಶೇ 60, 65ರಲ್ಲಿ ಓಡಾಡ್ತಿದ್ದು, ನೀವು ಎಫ್‌ಪಿಎಸ್‌ಗೆ ಯಾವ ಮಿತಿಯನ್ನೂ ಹಾಕಿಲ್ಲ ಅಂದ್ರೆ ಕಾರ್ಡ್ ಯಾರಿಗೋ ಕಾಯ್ತಿದೆ ಅಂತ ಅರ್ಥ.

ಇಲ್ಲಿ ಬಹಳ ಜನ ಎಡವೋ ಒಂದು ಜಾಗ ಇದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡ್ತಾರೆ, ಪ್ರೊಸೆಸರ್ ಬಳಕೆ ಶೇ 40 ಅಂತ ಇರುತ್ತೆ. "ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆಯಲ್ಲ" ಅಂತಾರೆ. ಆದರೆ ಅದು ಎಲ್ಲ ಥ್ರೆಡ್‌ಗಳ ಸರಾಸರಿ. 12 ಥ್ರೆಡ್ ಇರೋ ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಪೂರ್ತಿ ಉಸಿರುಗಟ್ಟಿ ಓಡಿದರೂ ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇ 8 ಅಷ್ಟೇ. ಆಟಗಳು ಹೆಚ್ಚಾಗಿ ಒಂದೆರಡು ಮುಖ್ಯ ಥ್ರೆಡ್‌ಗಳ ಮೇಲೇ ಭಾರ ಹಾಕ್ತವೆ. ಆಫೀಸಲ್ಲಿ ಹನ್ನೆರಡು ಜನ ಇದ್ದು ಸಹಿ ಹಾಕೋನು ಒಬ್ಬನೇ ಆದ್ರೆ ಫೈಲು ನಿಲ್ಲೋದು ಅವನ ಮೇಜಿನ ಮೇಲೇ ತಾನೆ? ಹಾಗೆ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ. ಆಟದ ರೆಸಲ್ಯೂಷನ್ ಅನ್ನ 1080ಪಿ ಇಂದ 720ಪಿಗೆ ಇಳಿಸಿ, ಅದೇ ಜಾಗದಲ್ಲಿ ಐದು ನಿಮಿಷ ಆಡಿ. ಕಾರ್ಡ್ ಬರೆಯಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆ ಆಗ್ತವೆ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ತಡೆ ಇದ್ದಿದ್ದು ಕಾರ್ಡ್‌ನಲ್ಲಿ. ಇದ್ದಲ್ಲೇ ಇದ್ದರೆ ತಡೆ ಪ್ರೊಸೆಸರ್ ಕಡೆ.

ನನ್ನ ಲೆಕ್ಕ ಹೇಳ್ತೀನಿ. ನನ್ನ ಹತ್ತಿರ ಇರೋದು ರೈಜೆನ್ 5 3600, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4, ಆರ್‌ಟಿಎಕ್ಸ್ 3060 ಕಾರ್ಡ್, 144 ಹರ್ಟ್ಸ್ ಮಾನಿಟರ್. ಒಬ್ಬನೇ ಆಡೋ ಕಥೆಯ ಆಟದಲ್ಲಿ ಕಾರ್ಡ್ ಶೇ 98, ಎಫ್‌ಪಿಎಸ್ 70. 720ಪಿಗೆ ಇಳಿಸಿದರೆ 105. ಅಲ್ಲಿ ಪ್ರೊಸೆಸರ್‌ನಿಂದ ನನಗೆ ಯಾವ ತಕರಾರೂ ಇಲ್ಲ. ಆದರೆ ಗೆಳೆಯರ ಜತೆ ಆನ್‌ಲೈನ್‌ನಲ್ಲಿ ಆಡೋ, ತುಂಬ ಜನ ಒಂದೇ ಮೈದಾನದಲ್ಲಿರೋ ಶೂಟಿಂಗ್ ಆಟದಲ್ಲಿ ಕಾರ್ಡ್ ಶೇ 60. ಎಫ್‌ಪಿಎಸ್ ಸರಾಸರಿ 110. 720ಪಿಗೆ ಇಳಿಸಿದೆ, 112 ಬಂತು. ಅಂದ್ರೆ ಕಾಯ್ತಿರೋದು ಕಾರ್ಡ್.

"110 ಇದ್ದರೆ ಸಾಕಲ್ಲ, ಇನ್ನೇನು?" ಅಂತ ನೀವು ಕೇಳಬಹುದು. ಸರಾಸರಿ ಮೋಸ ಮಾಡುತ್ತೆ. ನನ್ನ ಥರ ಫ್ರೀಲಾನ್ಸ್ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ವರ್ಷದ ಸರಾಸರಿ ಆದಾಯ ನೋಡಿದರೆ ಬದುಕು ಆರಾಮಾಗಿದೆ ಅನ್ಸುತ್ತೆ. ಆದರೆ ಪೇಮೆಂಟ್ ಬರದೇ ಇದ್ದ ತಿಂಗಳಲ್ಲೂ ಬಾಡಿಗೆ ಕಟ್ಟಲೇಬೇಕು, ಉಸಿರು ಕಟ್ಟೋದು ಆ ತಿಂಗಳು. ಆಟದಲ್ಲಿ ಆ ತಿಂಗಳಿಗೆ "ಒನ್ ಪರ್ಸೆಂಟ್ ಲೋ" ಅಂತಾರೆ, ಅತ್ಯಂತ ನಿಧಾನ ಬಂದ ಶೇ 1ರಷ್ಟು ಫ್ರೇಮ್‌ಗಳ ವೇಗ. ನನ್ನದು 48. 144 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಸುಮಾರು 7 ಮಿಲಿಸೆಕೆಂಡ್, 60ರಲ್ಲಿ ಸುಮಾರು 17, 48ರಲ್ಲಿ ಸುಮಾರು 21. ಎದುರಾಳಿ ಗೋಡೆ ಹಿಂದಿನಿಂದ ಹೊರಗೆ ಬರೋ ಕ್ಷಣದಲ್ಲೇ ಮೈದಾನದಲ್ಲಿ ಲೆಕ್ಕ ಜಾಸ್ತಿ ಇರುತ್ತೆ, ಆ ಕ್ಷಣದಲ್ಲೇ ಪರದೆ ತಡವರಿಸುತ್ತೆ. ಆ ತಡವರಿಕೆ ಕಣ್ಣಿಗೆ ಕಾಣುತ್ತೆ.

ಹಾಗಾದರೆ ಸೀದಾ ಹೋಗಿ ಪ್ರೊಸೆಸರ್ ತರೋದಾ? ಇನ್ನೂ ಇಲ್ಲ. ಖರ್ಚಿಲ್ಲದ ಕೆಲಸ ಮೊದಲು ಮುಗಿಸಬೇಕು.

ಒಂದು, ಮೆಮೊರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಅಂತ ಇರೋ ಕಡೆ ನೋಡಿದರೆ ವೇಗವೂ ಗೊತ್ತಾಗುತ್ತೆ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತಲೂ ಗೊತ್ತಾಗುತ್ತೆ. 3200 ಅಂತ ಬರೆದಿರೋ ಮೆಮೊರಿ ತಂದು ಹಾಕಿದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋ ಆಯ್ಕೆ ಆನ್ ಆಗದಿದ್ದರೆ ಅದು 2133 ಅಥವಾ 2400ರಲ್ಲೇ ತೆವಳ್ತಿರಬಹುದು. ದಾವಣಗೆರೆಯ ನನ್ನ ಗೆಳೆಯನೊಬ್ಬನ ಕಂಪ್ಯೂಟರ್‌ನಲ್ಲಿ ಹೀಗೇ ಇತ್ತು. ಅವನು ಹೊಸ ಪ್ರೊಸೆಸರ್ ಹುಡುಕ್ತಿದ್ದ. ಆ ಒಂದು ಆಯ್ಕೆ ಬದಲಿಸಿದ ಮೇಲೆ ಹುಡುಕೋದನ್ನೇ ಬಿಟ್ಟ. ರೈಜೆನ್ ಪ್ರೊಸೆಸರ್‌ಗಳ ಒಳಗಿನ ಸಂಪರ್ಕದ ವೇಗ ಮೆಮೊರಿ ವೇಗಕ್ಕೆ ತಳಕು ಹಾಕಿಕೊಂಡಿರೋದರಿಂದ ಅವುಗಳಲ್ಲಿ ಇದರ ಪರಿಣಾಮ ಇನ್ನೂ ಜಾಸ್ತಿ.

ಎರಡು, ಬಿಸಿ. ನಾಲ್ಕೈದು ವರ್ಷ ಆದ ಮೇಲೆ ಕೂಲರ್ ಕೆಳಗಿನ ಪೇಸ್ಟ್ ಒಣಗಿರುತ್ತೆ, ಫ್ಯಾನ್ ತುಂಬ ಧೂಳು. ರೈಜೆನ್ 3600ಕ್ಕೆ 95 ಡಿಗ್ರಿ ಗರಿಷ್ಠ ಮಿತಿ. ಅದರ ಹತ್ತಿರ ಹೋದಾಗ ಅದು ತಾನಾಗಿ ವೇಗ ಇಳಿಸುತ್ತೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಇದನ್ನ ನೋಡದೇ ಪ್ರೊಸೆಸರ್‌ನ ಬೈಯಬೇಡಿ.

ಮೂರು, ಸೆಟ್ಟಿಂಗ್. ದೂರದ ದೃಶ್ಯ ಎಷ್ಟು ಕಾಣಬೇಕು, ಜನರ ಗುಂಪು ಎಷ್ಟು ದೊಡ್ಡದಿರಬೇಕು, ಇಂಥವು ಪ್ರೊಸೆಸರ್ ಮೇಲೆ ಭಾರ ಹಾಕ್ತವೆ. ಇಳಿಸಿ ನೋಡಿ. ಎಫ್‌ಪಿಎಸ್‌ಗೆ ಒಂದು ಮಿತಿ ಹಾಕಿದರೂ ಆಟ ಸಮ ಆಗುತ್ತೆ. ನಾನು 80ಕ್ಕೆ ಮಿತಿ ಹಾಕಿದೆ, ಒನ್ ಪರ್ಸೆಂಟ್ ಲೋ 48ರಿಂದ 56ಕ್ಕೆ ಬಂತು. ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ನಿಮ್ಮ ಮಾನಿಟರ್ 60 ಹರ್ಟ್ಸ್ ಆಗಿದ್ದರೆ ಈ ಹಂತದಲ್ಲೇ ನಿಮ್ಮ ಸಮಸ್ಯೆ ಮುಗಿದು ಹೋಗಬಹುದು. ಸೆಕೆಂಡಿಗೆ 60 ಚಿತ್ರ ತೋರಿಸೋ ಪರದೆಗೆ 140 ಕೊಡೋಕೆ ದುಡ್ಡು ಯಾಕೆ ಸುರಿಯೋದು?

ಇಷ್ಟೆಲ್ಲ ಆದ ಮೇಲೂ ಪ್ರೊಸೆಸರ್ ಬೇಕು ಅಂತ ತೀರ್ಮಾನ ಆದ್ರೆ ನಿಮ್ಮ ಬೋರ್ಡ್‌ನ ಸಾಕೆಟ್ ಯಾವುದು ಅಂತ ನೋಡಿ. ಯಾಕಂದ್ರೆ ಪ್ರೊಸೆಸರ್ ಬದಲಿಸೋದು ಬೇರೆ, ಪ್ರೊಸೆಸರ್ ಹೆಸರಲ್ಲಿ ಹೊಸ ಕಂಪ್ಯೂಟರ್ ಕೊಳ್ಳೋದು ಬೇರೆ.

ಎಎಂಡಿಯ ಎಎಂ4 ಸಾಕೆಟ್‌ಗೆ ಮೊದಲ ರೈಜೆನ್ ಬಂದಿದ್ದು 2017ರಲ್ಲಿ. 2019ರಲ್ಲಿ ಬಂದ ನನ್ನ 3600ಗೂ, 2022ರಲ್ಲಿ ಬಂದ 5600ಗೂ ಅದೇ ಸಾಕೆಟ್. ಬಯಾಸ್ ಅಪ್‌ಡೇಟ್ ಮಾಡಿದರೆ ನನ್ನ ಹಳೇ ಬೋರ್ಡ್‌ನಲ್ಲೇ 5600 ಕೂರುತ್ತೆ. ಅದೇ ಮೆಮೊರಿ, ಅದೇ ಪವರ್ ಸಪ್ಲೈ. ಎರಡಕ್ಕೂ 65 ವ್ಯಾಟ್. ಇಂಟೆಲ್‌ನಲ್ಲಿ ಸಾಕೆಟ್ ಬೇಗ ಬದಲಾಗಿದೆ: ಎಂಟು, ಒಂಬತ್ತನೇ ತಲೆಮಾರಿಗೆ ಒಂದು, ಹತ್ತು, ಹನ್ನೊಂದಕ್ಕೆ ಇನ್ನೊಂದು, ಹನ್ನೆರಡರಿಂದ ಹದಿನಾಲ್ಕಕ್ಕೆ ಮತ್ತೊಂದು.

3600ರಿಂದ 5600ಗೆ ಹೋದರೆ ಏನು ಸಿಗುತ್ತೆ? ಎರಡರಲ್ಲೂ 6 ಕೋರ್, 12 ಥ್ರೆಡ್. ಡಬ್ಬಿ ಮೇಲೆ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲ್ಲ. ವ್ಯತ್ಯಾಸ ಇರೋದು ಒಳಗೆ. 3600ರಲ್ಲಿ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿವೆ, ಪ್ರತಿ ಗುಂಪಿಗೆ 16 ಎಂಬಿ ಕ್ಯಾಶ್. ಒಂದು ಗುಂಪಿನವರಿಗೆ ಇನ್ನೊಂದು ಗುಂಪಿನ ಸಾಮಾನು ಬೇಕಾದ್ರೆ ಸುತ್ತಿ ಬಳಸಿ ಹೋಗಬೇಕು. 5600ರಲ್ಲಿ ಆರೂ ಕೋರ್ ಒಂದೇ ಮನೆ, 32 ಎಂಬಿ ಕ್ಯಾಶ್ ಎಲ್ಲರದ್ದೂ. ಒಂದೇ ಗಡಿಯಾರದ ವೇಗದಲ್ಲಿ ಹಿಂದಿನ ತಲೆಮಾರಿಗಿಂತ ಸುಮಾರು ಶೇ 19 ಹೆಚ್ಚು ಕೆಲಸ ಅಂತ ಎಎಂಡಿಯೇ ಹೇಳಿಕೊಂಡಿತ್ತು. ಇದೇ ಸಾಕೆಟ್‌ಗೆ 96 ಎಂಬಿ ಕ್ಯಾಶ್ ಇರೋ 5700ಎಕ್ಸ್3ಡಿ, 5800ಎಕ್ಸ್3ಡಿ ಕೂಡ ಬಂದಿದ್ದವು. ಆಟಕ್ಕೆ ಬಹಳ ಒಳ್ಳೆಯವು. ಆದರೆ ಈಗ ಹೊಸದು ಸಿಗೋದು ಕಷ್ಟ, ಸಿಕ್ಕರೂ ನನ್ನ ಕೈಗೆ ಭಾರ.

ಇನ್ನೊಂದು ದಾರಿ, 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್. ಅಲ್ಲಿಗೆ ಹೋದ್ರೆ ಬೋರ್ಡ್ ಹೊಸದು ಬೇಕು, ಮೆಮೊರಿಯೂ ಡಿಡಿಆರ್5 ಆಗಲೇಬೇಕು. ಮೆಮೊರಿ ಕಥೆ ನಿಮಗೆ ಗೊತ್ತಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನ ಎಳೆದುಕೊಳ್ತಿರೋದರಿಂದ 2025ರ ಕೊನೆಯಲ್ಲಿ ದರ ಜೋರಾಗಿ ಏರಿತು. ಕ್ರೂಷಿಯಲ್ ಹೆಸರಲ್ಲಿ ನಮ್ಮಂಥವರಿಗೆ ಮಾರ್ತಿದ್ದ ವ್ಯವಹಾರದಿಂದಲೇ ಹೊರಗೆ ಹೋಗ್ತೀವಿ ಅಂತ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಘೋಷಿಸಿತು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿಕೊಂಡು ಬಂದೆ. 5600ಗೆ 9,800 ರೂಪಾಯಿ ಹೇಳಿದರು, ಬಾಕ್ಸ್ ಸಮೇತ. ಎಎಂ5 ಪ್ರೊಸೆಸರ್, ಬೋರ್ಡ್, ಮೆಮೊರಿ ಮೂರೂ ಸೇರಿ 50 ಸಾವಿರ ದಾಟಿತು. "ಸರ್, ಇದಾದ್ರೆ ಐದು ವರ್ಷ ಯೋಚನೆನೇ ಇಲ್ಲ" ಅಂದರು ಅಂಗಡಿಯವರು.

ಈ ಮಾತಿಗೆ ಕಾಮರ್ಸ್ ಹುಡುಗನ ಉತ್ತರ ಇದೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ 40 ಸವಕಳಿ ಹಾಕ್ತಾರೆ. 50 ಸಾವಿರದ ಮಾಲು ಒಂದು ವರ್ಷಕ್ಕೆ 30 ಸಾವಿರ, ಎರಡನೇ ವರ್ಷಕ್ಕೆ 18 ಸಾವಿರ. ಮಾರುಕಟ್ಟೆಯ ಬೆಲೆ ಅಷ್ಟೇ ಇಳಿಯುತ್ತೆ ಅಂತ ಅಲ್ಲ. ಆದರೆ ಸರ್ಕಾರಕ್ಕೂ ಗೊತ್ತು, ಇದು ಬೇಗ ಹಳೇದಾಗೋ ವಸ್ತು ಅಂತ. ಐದು ವರ್ಷದಾಚೆಯ ಆಟಕ್ಕೆ ಇವತ್ತೇ ದುಡ್ಡು ಕಟ್ಟೋದು ಬೇಡ. ಇವತ್ತು ಕಾಯ್ತಿರೋದನ್ನ ಬಿಡಿಸೋಕೆ ಎಷ್ಟು ಬೇಕೋ ಅಷ್ಟು ಕಟ್ಟಿ.

ಹಳೇ ಪ್ರೊಸೆಸರ್‌ಗೆ ಅವತ್ತು ಎಷ್ಟು ಕೊಟ್ಟಿದ್ದೆ ಅನ್ನೋದನ್ನೂ ಈ ಲೆಕ್ಕಕ್ಕೆ ತರಬೇಡಿ. ಹೋದ ದುಡ್ಡು ಹೋಯ್ತು. ಈಗ ಮಾರಿದರೆ ಎಷ್ಟು ಬರುತ್ತೆ ಅನ್ನೋದು ಮಾತ್ರ ಲೆಕ್ಕ. ನನ್ನ 3600ಗೆ 3,500 ಕೊಡ್ತೀನಿ ಅಂತ ಪಕ್ಕದ ಬೀದಿಯ ಹುಡುಗ ಒಪ್ಪಿದ್ದಾನೆ. ಅಲ್ಲಿಗೆ ನನ್ನ ನಿಜವಾದ ಖರ್ಚು 6,300. ಎರಡು ವರ್ಷ ಬಳಸಿದರೆ ತಿಂಗಳಿಗೆ 263 ರೂಪಾಯಿ ಹತ್ತಿರ.

ಈಗ ಕಷ್ಟದ ಪ್ರಶ್ನೆ. ಆ 6,300 ಯಾವ ಖಾತೆಯಿಂದ? ಇದೇ ಕಂಪ್ಯೂಟರ್‌ನಲ್ಲಿ ನಾನು ಈ ಪಾಡ್‌ಕಾಸ್ಟ್ ಎಡಿಟ್ ಮಾಡೋದು. "ಕೆಲಸಕ್ಕೆ ಬೇಕು" ಅಂತ ಹೇಳಿಬಿಡೋದು ಸುಲಭ. ಆದರೆ ಒಂದು ಸಂಚಿಕೆ ಎಕ್ಸ್‌ಪೋರ್ಟ್ ಆಗೋಕೆ ಆರು ನಿಮಿಷದ ಬದಲು ಐದು ನಿಮಿಷ ಆದ್ರೆ ನನಗೆ ಒಂದು ರೂಪಾಯಿ ಹೆಚ್ಚು ಬರಲ್ಲ. ಇದು ಕೆಲಸದ ಖರ್ಚಲ್ಲ, ಆಟದ ಖರ್ಚು. ಆಟದ ಖರ್ಚನ್ನ ಕೆಲಸದ ಖಾತೆಗೆ ಬರೆದರೆ ಖಾತೆಗಳು ಸುಳ್ಳು ಹೇಳೋಕೆ ಶುರು ಮಾಡ್ತವೆ. ಆಮೇಲೆ ಮೂರು ತಿಂಗಳ ಬಾಡಿಗೆ, ಊಟ ಅಂತ ಎತ್ತಿಟ್ಟಿರೋ ದುಡ್ಡಿಗೂ ಕೈ ಹೋಗುತ್ತೆ. 50 ಸಾವಿರ ತೆಗೀಬೇಕಂದ್ರೆ ಅಲ್ಲಿಂದಲೇ ತೆಗೀಬೇಕು. 6,300 ಆದ್ರೆ ಹಾಗಲ್ಲ, ಆಟಕ್ಕೆ ಅಂತಲೇ ಕೂಡಿಟ್ಟಿರೋ 7,000ದಲ್ಲಿ ಮುಗಿಯುತ್ತೆ.

ಆಟಕ್ಕೆ ಅಂತ ಖರ್ಚು ಮಾಡೋದು ವ್ಯರ್ಥವಾ? ನಾವು ಕಾಲೇಜಿನ ನಾಲ್ಕು ಜನ. ಒಬ್ಬ ಮಂಗಳೂರಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಒಬ್ಬ ದಾವಣಗೆರೆಯಲ್ಲಿ, ನಾನಿಲ್ಲಿ. ಭಾನುವಾರ ರಾತ್ರಿ ಹತ್ತು ಗಂಟೆಗೆ ಆ ಶೂಟಿಂಗ್ ಆಟದಲ್ಲಿ ಸೇರ್ತೀವಿ. ಹುಡುಗರು ಫೋನ್ ಮಾಡಿಕೊಂಡು ಮನಸ್ಸು ಬಿಚ್ಚಿ ಮಾತಾಡೋದು ಅಪರೂಪ. ಕೈಯಲ್ಲಿ ಆಟ ಇದ್ರೆ ಎರಡು ಗಂಟೆ ಮಾತಾಡ್ತಾರೆ. ಒಬ್ಬನ ಕೆಲಸ ಹೋಗಿದ್ದು, ಇನ್ನೊಬ್ಬನ ಅಪ್ಪನಿಗೆ ಆಪರೇಷನ್ ಆಗಿದ್ದು, ನನಗೆ ಗೊತ್ತಾಗಿದ್ದು ಅಲ್ಲೇ. ತಿಂಗಳಿಗೆ 263 ರೂಪಾಯಿ ಆ ನಾಲ್ಕು ಭಾನುವಾರಗಳಿಗೆ. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು.

ಹಾಗಾಗಿ ನನ್ನ ತೀರ್ಮಾನ: 5600 ತಗೋತೀನಿ, ಎಎಂ5ಗೆ ಈಗ ಹೋಗಲ್ಲ.

ಇನ್ನು ಕಲಬುರಗಿಯ ತಮ್ಮ. ಅವನಿಗೂ ಇದೇ ಪರೀಕ್ಷೆ ಮಾಡೋಕೆ ಹೇಳಿದ್ದೆ, ಎರಡು ದಿನದಲ್ಲಿ ಅಳೆದು ಕಳಿಸಿದ. ಐ5 9400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಕಾರ್ಡ್, 60 ಹರ್ಟ್ಸ್ ಮಾನಿಟರ್, 8 ಜಿಬಿ ಮೆಮೊರಿ, ಅದೂ ಒಂದೇ ಸ್ಟಿಕ್. ಅವನು ಆಡೋ ಆಟದಲ್ಲಿ ಕಾರ್ಡ್ ಶೇ 99. ಮೆಮೊರಿ 8ರಲ್ಲಿ 7.4 ತುಂಬಿದೆ.

ತಮ್ಮಾ, ಆ ಐ7 ಬೇಡ. ನಿನ್ನ ಕಂಪ್ಯೂಟರ್‌ನಲ್ಲಿ ಭಟ್ಟರಿಗೆ ಆಗಲೇ ಕೈ ತುಂಬ ಕೆಲಸ, ಕೌಂಟರ್‌ಗೆ ಹೊಸಬನನ್ನ ಹಾಕಿ ಏನೂ ಆಗಲ್ಲ. ಬಿಲ್ ಇಲ್ಲ, ವಾರಂಟಿ ಇಲ್ಲ, ನಾಳೆ ಕೆಟ್ಟರೆ ಅಪ್ಪನ ಮುಂದೆ ನಿಂತು ಏನು ಹೇಳ್ತೀಯ? ಮೊದಲು ಇನ್ನೊಂದು 8 ಜಿಬಿ ಡಿಡಿಆರ್4 ಸ್ಟಿಕ್ ಹಾಕು. ತಡವರಿಕೆ ಅಲ್ಲೇ ಕಡಿಮೆ ಆಗುತ್ತೆ, ಎರಡು ಸ್ಟಿಕ್ ಆದ್ರೆ ಡೇಟಾ ಓಡಾಡೋ ದಾರಿಯೂ ಎರಡಾಗುತ್ತೆ. ಮೆಮೊರಿ ದರ ಏರಿದ್ದರೂ ನಿನಗೆ ಈಗ ಬೇಕಾಗಿರೋದು ಅದೇ. ಉಳಿದ ದುಡ್ಡು ಅಪ್ಪನ ಹತ್ತಿರವೇ ಇರಲಿ. ಮುಂದೆ ಕಾರ್ಡ್ ತಗೊಳ್ಳೋದಾದ್ರೆ ಪವರ್ ಸಪ್ಲೈ ಎಷ್ಟು ವ್ಯಾಟ್, ಕಾರ್ಡ್‌ಗೆ ಕೊಡೋ ಬೇರೆ ಕೇಬಲ್ ಇದೆಯಾ ಅಂತ ಮೊದಲು ನೋಡು.

ಇನ್ನೂ ಹಳೇ ಕಂಪ್ಯೂಟರ್ ಇರೋರಿಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಪಟ್ಟಿ ಶುರುವಾಗೋದೇ ಇಂಟೆಲ್ ಎಂಟನೇ ತಲೆಮಾರು, ರೈಜೆನ್ 2000ದ ಆಸುಪಾಸಿನಿಂದ. ಅದಕ್ಕಿಂತ ಹಳೇದಾದ್ರೆ ನಿಮ್ಮ ಲೆಕ್ಕದಲ್ಲಿ ಆಟದ ಜತೆ ಸುರಕ್ಷತೆಯೂ ಸೇರಿಕೊಳ್ಳುತ್ತೆ.

ಬದಲಿಸೋದು ಅಂತ ನಿರ್ಧಾರ ಮಾಡಿದವರಿಗೆ ನಾಲ್ಕು ಎಚ್ಚರಿಕೆ. ಹಳೇ ಪ್ರೊಸೆಸರ್ ತೆಗೆಯೋ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿ, ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ, ಯುಪಿಎಸ್ ಇದ್ದರೆ ಒಳ್ಳೇದು. ಪ್ರೊಸೆಸರ್ ಬದಲಾದ್ರೆ ಅದರೊಳಗಿನ ಟಿಪಿಎಂ ಕೀಲಿ ಹೋಗುತ್ತೆ, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಕೇಳುತ್ತೆ. ಅದನ್ನ ಮುಂಚೆಯೇ ಬರೆದಿಟ್ಟುಕೊಳ್ಳಿ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್‌ನ ಮೈಮೇಲೇ ಇರ್ತವೆ. ಕೂಲರ್‌ನ ಸೀದಾ ಎಳೆದರೆ ಒಣಗಿದ ಪೇಸ್ಟ್ ಜತೆ ಪ್ರೊಸೆಸರ್ ಕಿತ್ತುಕೊಂಡು ಬಂದು ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ, ಬೆಚ್ಚಗಾದ ಮೇಲೆ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ಮೆಲ್ಲಗೆ ತಿರುಗಿಸಿ ಬಿಡಿಸಿ. ಕೊನೆಯದು, ಕೊಳ್ಳುವಾಗ ಬಾಕ್ಸ್ ಇರೋದೇ ಕೇಳಿ, ಜಿಎಸ್‌ಟಿ ಬಿಲ್ ಸಮೇತ. ಎಎಂಡಿ ಬಾಕ್ಸ್ ಪ್ರೊಸೆಸರ್‌ಗೆ ಮೂರು ವರ್ಷ ವಾರಂಟಿ. ಬಾಕ್ಸ್ ಇಲ್ಲದ ಟ್ರೇ ಮಾಲು ಸ್ವಲ್ಪ ಅಗ್ಗಕ್ಕೆ ಸಿಗುತ್ತೆ, ಆದರೆ ಅದರ ವಾರಂಟಿಗೆ ಮಾರಿದವರನ್ನೇ ಹುಡುಕಿಕೊಂಡು ಹೋಗಬೇಕು.

ನಿಮ್ಮ ಕಂಪ್ಯೂಟರ್ ಬಗ್ಗೆ ಕೇಳೋದಿದ್ದರೆ ಪ್ರೊಸೆಸರ್ ಹೆಸರು ಮಾತ್ರ ಕಳಿಸಬೇಡಿ. ಯಾವ ಆಟ, ಕಾರ್ಡ್ ಎಷ್ಟು ಪರ್ಸೆಂಟ್, ಮೆಮೊರಿ ಎಷ್ಟು, ಮಾನಿಟರ್ ಎಷ್ಟು ಹರ್ಟ್ಸ್, 720ಪಿಗೆ ಇಳಿಸಿದರೆ ಏನಾಯ್ತು, ಇಷ್ಟು ಬರೆದು ಕಳಿಸಿ. ಅರ್ಧ ಜನಕ್ಕೆ ಅದನ್ನ ಬರೆಯುವಾಗಲೇ ಉತ್ತರ ಸಿಕ್ಕಿರುತ್ತೆ. ಮುಂದಿನ ವಾರ ಸಿಗೋಣ, ನಮಸ್ಕಾರ.